ಲೋಟ ತೊಳೆಯುವವರಿಲ್ಲದ ಹೋಟೆಲು



ಅರವತ್ತೇಳನೆಯ ವಯಸ್ಸಿನಲ್ಲಿ ನಾನೊಂದು ಹೋಟೆಲು ತೆರೆದಿದ್ದೇನೆಂದರೆ ನಿಮ್ಮಲ್ಲಿ ಹಲವರು ನಗುವಿರಿ. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತದ ಸುಣ್ಣದ ಕಡ್ಡಿಯನ್ನು ಬಿಟ್ಟು ಬೇರೇನನ್ನೂ ಹಿಡಿಯದ ಕೈ ಇದು. ಮನೆಯಲ್ಲಿ ಹಾಲು ಉಕ್ಕುವುದನ್ನು ನೋಡುತ್ತಾ ನಿಂತು, ಉಕ್ಕಿದ ಮೇಲೆ ಮನೆಯಾಕೆಯನ್ನು ಕೂಗುವವನು ನಾನು. ಆದರೂ ಹೋಟೆಲು ತೆರೆದದ್ದು ನಿಜ. ಅದು ತೋವಿನಕೆರೆಯ ಬಸ್ ನಿಲ್ದಾಣದ ಬಳಿಯಲ್ಲಿಲ್ಲ, ತುಮಕೂರು ರಸ್ತೆಯಲ್ಲಿಯೂ ಇಲ್ಲ. ಅಂಗೈ ಅಗಲದ ಮೊಬೈಲ್ ಫೋನಿನೊಳಗೆ ಇದೆ.

ಕಳೆದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಏಳನೆಯ ತರಗತಿ ಮುಗಿಸಿದ ಹುಡುಗಿ. ಸಿದ್ಧರಬೆಟ್ಟ ಹತ್ತಿಸಿದೆ, ತೋಟ ಸುತ್ತಿಸಿದೆ, ಹುಣಸೆಹಣ್ಣು ಬಡಿಯುವುದನ್ನು ತೋರಿಸಿದೆ. ಮೂರೇ ದಿನಗಳಲ್ಲಿ ಅವೆಲ್ಲ ಹಳತಾದವು. ನಾಲ್ಕನೆಯ ದಿನದಿಂದ ಜಗಲಿಯ ಕಂಬಕ್ಕೆ ಒರಗಿ ಕುಳಿತವಳು ಫೋನಿನಿಂದ ತಲೆಯೆತ್ತಲಿಲ್ಲ. ಮೇಷ್ಟ್ರ ಸ್ವಭಾವ ಎಲ್ಲಿ ಹೋದೀತು? "ಏನಮ್ಮಾ ಅದು, ಹಗಲೂ ರಾತ್ರಿ?" ಎಂದು ಗದರಿದೆ. ಅವಳು ಸ್ವಲ್ಪವೂ ಹೆದರದೆ, "ತಾತ, ನಾನು ಹೋಟೆಲ್ ನಡೆಸ್ತಿದ್ದೀನಿ. ಗಿರಾಕಿಗಳು ಕಾಯ್ತಿದ್ದಾರೆ, ಆಮೇಲೆ ಮಾತಾಡು" ಎಂದಳು. ನನಗೆ ನಗು ಬಂತು. ಪಕ್ಕದಲ್ಲಿ ಕುಳಿತು ನೋಡತೊಡಗಿದೆ. ನೋಡುತ್ತಾ ನೋಡುತ್ತಾ ನಾನೇ ಸಿಕ್ಕಿಬಿದ್ದೆ.

ಈ ಆಟಗಳ ಪರಿಚಯವಿಲ್ಲದ ನನ್ನ ವಯಸ್ಸಿನವರಿಗಾಗಿ ನಾಲ್ಕು ಮಾತು. ಪರದೆಯ ಮೇಲೆ ಒಂದು ಹೋಟೆಲು. ಗಿರಾಕಿಗಳು ಬಂದು ನಿಲ್ಲುತ್ತಾರೆ. ಅವರ ಪಕ್ಕದಲ್ಲಿ ಸಹನೆಯನ್ನು ಅಳೆಯುವ ಒಂದು ಪಟ್ಟಿ ಇರುತ್ತದೆ. ಕ್ಷಣಕ್ಷಣಕ್ಕೂ ಅದು ಇಳಿಯುತ್ತಾ ಹೋಗುತ್ತದೆ. ಅದು ಮುಗಿಯುವುದರೊಳಗೆ ಕೇಳಿದ ತಿಂಡಿಯನ್ನು ಕೊಟ್ಟರೆ ನಾಣ್ಯ ಸಿಗುತ್ತದೆ, ಬೇಗ ಕೊಟ್ಟರೆ ಮೇಲೊಂದಿಷ್ಟು. ತಡವಾದರೆ ಗಿರಾಕಿ ಮುಖ ಸಿಂಡರಿಸಿಕೊಂಡು ಹೊರಟುಹೋಗುತ್ತಾನೆ. ಗಳಿಸಿದ ನಾಣ್ಯದಿಂದ ಒಲೆ, ಪಾತ್ರೆ, ಕುರ್ಚಿಗಳನ್ನು ಉತ್ತಮಪಡಿಸಿಕೊಳ್ಳುತ್ತಾ ಒಂದೊಂದೇ ಹಂತವನ್ನು ದಾಟಬೇಕು.

ಇದರ ಮೂಲವನ್ನು ಹುಡುಕಿದಾಗ ನನಗೆ ಕೆಲವು ಸ್ವಾರಸ್ಯದ ಸಂಗತಿಗಳು ದೊರೆತವು. 2000ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕಿನ ಗೇಮ್‌ಲ್ಯಾಬ್ ಎಂಬ ಸಂಸ್ಥೆ 'ಡೈನರ್ ಡ್ಯಾಶ್' ಎಂಬ ಕಂಪ್ಯೂಟರ್ ಆಟವೊಂದನ್ನು ರೂಪಿಸಿತು. ಅದರ ನಾಯಕಿ ಫ್ಲೋ ಎಂಬಾಕೆ ಕಚೇರಿಯ ಕೆಲಸಕ್ಕೆ ಬೇಸತ್ತು, ಅದನ್ನು ತೊರೆದು ಹೋಟೆಲು ಇಡುತ್ತಾಳೆ. 2014ರಲ್ಲಿ ಲಿಥುವೇನಿಯಾ ದೇಶದ ನಾರ್ಡ್‌ಕರೆಂಟ್ ಸಂಸ್ಥೆ 'ಕುಕಿಂಗ್ ಫೀವರ್' ಎಂಬ ಮೊಬೈಲ್ ಆಟವನ್ನು ಹೊರತಂದಿತು. ನನ್ನ ಮೊಮ್ಮಗಳು ಆಡುತ್ತಿದ್ದುದು ಅದನ್ನೇ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಮತ್ತೊಂದು ವಿಷಯ. ಅದೇ 2014ರಲ್ಲಿ ನಮ್ಮ ಉಡುಪಿಯಲ್ಲಿ ನೆಲೆಗೊಂಡಿದ್ದ ನೈಂಟಿನೈನ್ ಗೇಮ್ಸ್ ಎಂಬ ಸಂಸ್ಥೆ 'ಸ್ಟಾರ್ ಶೆಫ್' ಎಂಬ ಹೋಟೆಲಿನ ಆಟವನ್ನು ಜಗತ್ತಿಗೆ ಕೊಟ್ಟಿತು. ಅದರ ಹಿಂದಿದ್ದ ರೋಹಿತ್ ಭಟ್ ಅವರು 1996ರಲ್ಲಿಯೇ ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ತಂತ್ರಾಂಶ ಸಂಸ್ಥೆಯನ್ನು ಕಟ್ಟಿದ್ದವರು. ಮಸಾಲೆದೋಸೆಯನ್ನು ಹೊತ್ತು ದೇಶವೆಲ್ಲ ಸುತ್ತಿದ ಊರು, ಹೋಟೆಲು ನಡೆಸುವ ಆಟವನ್ನೂ ಹೊತ್ತು ದೇಶಾಂತರ ಕಳುಹಿಸಿತೆಂದರೆ ಅದು ಕಾಕತಾಳೀಯವೇ ಇರಬಹುದು. ಆದರೂ ಕೇಳಲು ಹಿತವಾಗಿದೆ.

ಈ ಎರಡು ಆಟಗಳ ಜಾತಿ ಬೇರೆ. ಮೊದಲನೆಯದು ಕೈಚಳಕದ ಆಟ. ಎರಡು ಮೂರು ನಿಮಿಷಗಳ ಗಡಿಬಿಡಿ. ಎರಡನೆಯದು ಕಾಯುವ ಆಟ. ತೋಟದಲ್ಲಿ ತರಕಾರಿ ಬೆಳೆಯಬೇಕು, ಅಡುಗೆ ಬೇಯುವವರೆಗೆ ತಾಳಬೇಕು. ಒಂದು ಸಂತೆಯ ದಿನದ ಹೋಟೆಲಿನಂತೆ, ಇನ್ನೊಂದು ಬೇಸಾಯದಂತೆ. ಎರಡರಲ್ಲಿಯೂ ಮುಂದುವರಿಯುವ ಉಪಾಯಗಳು ಮಾತ್ರ ಬಹುಮಟ್ಟಿಗೆ ಒಂದೇ. ಎರಡು ತಿಂಗಳು ಆಡಿ, ಸೋತು, ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ನಾನು ಕಂಡುಕೊಂಡ ಐದು ಸೂತ್ರಗಳನ್ನು ಇಲ್ಲಿ ಕೊಡುತ್ತೇನೆ. ನಿಮ್ಮ ಮಕ್ಕಳು ಇಂತಹ ಆಟ ಆಡುತ್ತಿದ್ದರೆ ಫೋನನ್ನು ಕಿತ್ತುಕೊಳ್ಳುವ ಮುನ್ನ ಇವನ್ನೊಮ್ಮೆ ಓದಿ.

ಮೊದಲನೆಯ ಸೂತ್ರ: ಎಲ್ಲಿ ಕೆಲಸ ಕಟ್ಟಿಕೊಳ್ಳುತ್ತಿದೆಯೋ ಅಲ್ಲಿಗೆ ಮೊದಲು ಹಣ ಹಾಕಬೇಕು. ಆಟದಲ್ಲಿ ನಾಲ್ಕು ನಾಣ್ಯ ಕೂಡಿದೊಡನೆ ಮೊಮ್ಮಗಳು ಹೋಟೆಲಿಗೆ ಹೊಸ ಮೇಜು, ಬಣ್ಣದ ದೀಪ ತಂದಳು. ಹೋಟೆಲು ಮದುವೆಮನೆಯಂತೆ ಕಂಗೊಳಿಸಿತು, ಗಿರಾಕಿಗಳು ಮಾತ್ರ ಎದ್ದುಹೋಗುತ್ತಲೇ ಇದ್ದರು. ಏಕೆಂದರೆ ತಡವಾಗುತ್ತಿದ್ದದ್ದು ಒಲೆಯ ಬಳಿ. ಇದನ್ನು ಅವಳಿಗೆ ದೋಸೆಯ ಲೆಕ್ಕದಲ್ಲಿ ಹೇಳಿದೆ. ಒಂದು ಕಾವಲಿಯ ಮೇಲೆ ಒಮ್ಮೆಗೆ 12 ದೋಸೆ ಹುಯ್ಯಬಹುದು, ಒಂದು ಸರದಿಗೆ 5 ನಿಮಿಷ ಎಂದಿಟ್ಟುಕೊಳ್ಳೋಣ. ಗಂಟೆಗೆ 12 ಸರದಿ, ಅಂದರೆ 144 ದೋಸೆ. ತಲೆಗೊಂದರಂತೆ ಕೇಳುವ 200 ಜನ ಬಂದರೆ 56 ಮಂದಿ ಕಾಯಲೇಬೇಕು. ನೀನು ಇನ್ನಿಬ್ಬರು ಸಪ್ಲೈಯರುಗಳನ್ನು ಇಟ್ಟರೂ, ಗೋಡೆಗೆ ಬೆಳ್ಳಿಯ ಲೇಪ ಕೊಟ್ಟರೂ ದೋಸೆ 144ರಿಂದ 145 ಆಗುವುದಿಲ್ಲ. ಇನ್ನೊಂದು ಕಾವಲಿ ಇಟ್ಟರೆ 288 ಆಗುತ್ತದೆ. ಕಾವಲಿಗೆ ಹಣ ಹಾಕಿದ ಮೇಲೆ ಕುರ್ಚಿಯ ಮಾತು. ಕುರ್ಚಿ, ಅಲಂಕಾರಗಳಿಗೂ ಆಟದಲ್ಲಿ ಬೆಲೆಯಿದೆ. ಅವು ಗಿರಾಕಿಯ ಸಹನೆಯನ್ನು ಹೆಚ್ಚಿಸುತ್ತವೆ. ಆದರೆ ಕೊಡಲು ತಿಂಡಿಯೇ ಇಲ್ಲದಾಗ ಸಹನೆಯನ್ನು ಎಷ್ಟೆಂದು ಹಿಗ್ಗಿಸುವುದು?

ಎರಡನೆಯ ಸೂತ್ರ: ಹಾಕಿದ ಹಣ ಎಷ್ಟು ಸರದಿಯಲ್ಲಿ ಹಿಂತಿರುಗುತ್ತದೆಂದು ಲೆಕ್ಕ ಹಾಕಬೇಕು. ಉದಾಹರಣೆಗೆ 900 ನಾಣ್ಯ ಕೊಟ್ಟು ಒಂದು ತಿಂಡಿಯನ್ನು ಉತ್ತಮಪಡಿಸಿದರೆ ಅದರ ಬೆಲೆ 3 ನಾಣ್ಯ ಏರುತ್ತದೆ; ಒಂದು ಆಟಕ್ಕೆ ಅಂತಹವು 20 ಖರ್ಚಾಗುತ್ತವೆ ಎನ್ನೋಣ. ಆಟಕ್ಕೆ 60 ನಾಣ್ಯ ಹೆಚ್ಚುವರಿ. ಹಾಕಿದ್ದು ಹಿಂದಕ್ಕೆ ಬರಲು 15 ಆಟ. ಇನ್ನೊಂದು ತಿಂಡಿಗೆ 600 ನಾಣ್ಯ ಹಾಕಿದರೆ ಬೆಲೆ ಏರುವುದು ಎರಡೇ ನಾಣ್ಯ; ಆದರೆ ಅದು 40 ಖರ್ಚಾಗುತ್ತದೆ. ಆಟಕ್ಕೆ 80 ನಾಣ್ಯ; ಎಂಟನೆಯ ಆಟದೊಳಗೆ ಬಂಡವಾಳ ಕೈಸೇರುತ್ತದೆ. ಬೆಲೆ ಹೆಚ್ಚು ಏರುವುದಕ್ಕಿಂತ ಹೆಚ್ಚು ಖರ್ಚಾಗುವುದೇ ಇಲ್ಲಿ ಮೇಲು. ಈ ಲೆಕ್ಕವನ್ನು ನಾನು ಕರಿಹಲಗೆಯ ಮೇಲೆ ಬರೆದಿದ್ದರೆ ಅರ್ಧ ತರಗತಿ ತೂಕಡಿಸುತ್ತಿತ್ತು. ಮೊಮ್ಮಗಳು ತಾನಾಗಿಯೇ ಪೆನ್ಸಿಲ್ ತಂದು ಕುಳಿತಳು. ನಾನು ಬಿ.ಎಡ್.ನಲ್ಲಿ ಕಲಿತ 'ಪ್ರೇರಣೆ' ಎಂಬ ಪಾಠದ ಅರ್ಥ ಅಂದು ಪೂರ್ತಿಯಾಗಿ ಆಯಿತು.

ಮೂರನೆಯ ಸೂತ್ರ: ಗಿರಾಕಿ ಬರುವ ಮುನ್ನವೇ ಅಣಿಯಾಗಿರಬೇಕು. ಆಟ ಆರಂಭವಾಗುವ ಮೊದಲ ಕ್ಷಣದಲ್ಲಿಯೇ ಒಲೆಯ ಮೇಲೆ ಬೇಯಬೇಕಾದ್ದು ಬೇಯುತ್ತಿರಬೇಕು, ತಟ್ಟೆಗಳಲ್ಲಿ ಬನ್ನು ಕುಳಿತಿರಬೇಕು. ಆದರೆ ಬೆಂದದ್ದನ್ನು ಒಲೆಯ ಮೇಲೆಯೇ ಮರೆತರೆ ಸೀದುಹೋಗುತ್ತದೆ. ಸೀದದ್ದು ಕಸದ ಡಬ್ಬಿಗೆ, ಅದರ ನಾಣ್ಯ ನಮ್ಮ ತಲೆಗೆ. ನಮ್ಮ ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ತಿಂದವರು ನೀವು. ಬೆಳಿಗ್ಗೆ ಆರಕ್ಕೆ ಇಡ್ಲಿಯ ಹಬೆ ಏಳಬೇಕಾದರೆ ಹಿಂದಿನ ದಿನವೇ ಅಕ್ಕಿ, ಉದ್ದು ನೆನೆದಿರಬೇಕು, ರಾತ್ರಿಯೆಲ್ಲ ಹಿಟ್ಟು ಹುಳಿ ಬಂದಿರಬೇಕು. ಕಡಿಮೆ ನೆನೆಸಿದರೆ ಗಿರಾಕಿ ನಷ್ಟ, ಹೆಚ್ಚು ನೆನೆಸಿದರೆ ಹಿಟ್ಟು ನಷ್ಟ. ನಾಳೆ ಎಷ್ಟು ಜನ ಬಂದಾರೆಂದು ಇಂದು ಸಂಜೆಯೇ ಊಹಿಸುವ ವಿದ್ಯೆ ಹೋಟೆಲಿನವರದು. ಸಂತೆಯೋ, ಜಾತ್ರೆಯೋ, ಲಗ್ನದ ದಿನವೋ, ಮಳೆಯ ಮೋಡವೋ, ಎಲ್ಲವೂ ಅವರ ಲೆಕ್ಕದಲ್ಲಿ ಬಂದುಹೋಗುತ್ತವೆ.

ನಾಲ್ಕನೆಯ ಸೂತ್ರ: ಬಂದವರ ಸರದಿಯನ್ನು ಬುದ್ಧಿಯಿಂದ ನಡೆಸಬೇಕು. ಒಬ್ಬನಿಗೆ ಮೂರು ಪದಾರ್ಥ ಬೇಕು, ಇನ್ನೊಬ್ಬನಿಗೆ ಬರಿಯ ಪಾನೀಯ ಬೇಕು ಎಂದಾಗ, ಪಾನೀಯವನ್ನು ಕೊಟ್ಟು ಅವನನ್ನು ಕಳುಹಿಸಿ ಜಾಗ ಮಾಡಿಕೊಳ್ಳಬೇಕು. ಹೆಚ್ಚು ಕಾದವನಿಗೆ ಸಿದ್ಧವಾದಷ್ಟನ್ನಾದರೂ ಮುಂದಿಡಬೇಕು. ಇದನ್ನು ನಮ್ಮ ಹೋಟೆಲಿನವರು ಯಾವ ಆಟವನ್ನೂ ನೋಡದೆ ತಿಳಿದಿದ್ದರು. ಕುಳಿತ ಕೂಡಲೇ ಠಣ್ಣನೆ ಮುಂದೆ ಬಂದು ಕೂರುವ ನೀರಿನ ಲೋಟವಿದೆಯಲ್ಲ, ಅದು ಬರಿಯ ಉಪಚಾರವಲ್ಲ. "ನಿಮ್ಮನ್ನು ನೋಡಿದ್ದೇವೆ, ಸ್ವಲ್ಪ ತಾಳಿ" ಎಂಬ ಮಾತು ಅದು. ಐದು ನಿಮಿಷದ ಸಹನೆಯನ್ನು ಒಂದು ಲೋಟ ನೀರಿನಿಂದ ಕೊಳ್ಳುವ ಉಪಾಯ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನಕ್ಕೆ ಹೋದವರು, ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಕೈಮೇಲೆ ಗೋಪುರದಂತೆ ಜೋಡಿಸಿಕೊಂಡು ಬರುವ ಮಾಣಿಗಳನ್ನು ಕಂಡಿರುತ್ತೀರಿ. ಅದನ್ನು ನಾವು ಚಮತ್ಕಾರವೆಂದು ನೋಡುತ್ತೇವೆ. ಲೆಕ್ಕದ ಕಣ್ಣಿನಿಂದ ನೋಡಿದರೆ ಅದು ಅಡುಗೆಮನೆಗೂ ಮೇಜಿಗೂ ನಡುವಣ ಓಡಾಟವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸುವ ವಿಧಾನ.

ಇಲ್ಲಿಯೇ ಇನ್ನೊಂದು ಮಾತು. ಪಟ್ಟಿ ಚಿಕ್ಕದಿದ್ದಷ್ಟೂ ಕೈ ಚುರುಕು. 1965ರಲ್ಲಿ ಬೆಂಗಳೂರಿನ ಶಂಕರಪುರದಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿಗಳಂತಹ ನಾಲ್ಕೈದು ಪದಾರ್ಥಗಳಿಂದಲೇ ಹೆಸರಾಯಿತು. ಸಾಂಬಾರನ್ನು ಕೂಡ ಅವರು ಹತ್ತಿರ ಬಿಟ್ಟುಕೊಳ್ಳಲಿಲ್ಲ, ಚಟ್ನಿಯೊಂದೇ ಸಾಕೆಂದರು. 1983ರಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿ ಕುರ್ಚಿಯನ್ನೇ ತೆಗೆದುಹಾಕಿತು. ನಿಂತು ತಿನ್ನುವವನು ಬೇಗ ಜಾಗ ಬಿಡುತ್ತಾನೆ, ಚಿಕ್ಕ ಜಾಗದಲ್ಲಿ ಹೆಚ್ಚು ಜನರಿಗೆ ಕಡಿಮೆ ಬೆಲೆಗೆ ಕೊಡಬಹುದು. ಇಂದು ಊರೂರಿನಲ್ಲಿ ಕಾಣುವ 'ದರ್ಶಿನಿ'ಗಳಿಗೆಲ್ಲ ಅದು ಮಾದರಿಯಾಯಿತು. ಆಟದಲ್ಲಿಯೂ ಹೀಗೆಯೇ. ಮೊದಲ ಹೋಟೆಲು ಕೈಹಿಡಿಯುವ ಮುನ್ನ ಎರಡನೆಯದನ್ನು ತೆರೆಯುವವರು ಎರಡರಲ್ಲಿಯೂ ಸೊರಗುತ್ತಾರೆ. ಮುಂದಿನ ಹಂತ ಕಠಿಣವೆನಿಸಿದರೆ ಹಿಂದಿನ ಸುಲಭದ ಹಂತಗಳನ್ನೇ ಮತ್ತೆ ಆಡಿ ನಾಣ್ಯ ಕೂಡಿಸಬೇಕು. ಹನಿಗೂಡಿ ಹಳ್ಳ.

ಐದನೆಯ ಸೂತ್ರ, ಎಲ್ಲಕ್ಕಿಂತ ಮುಖ್ಯವಾದದ್ದು: ಅಸಲಿ ರೂಪಾಯಿಯನ್ನು ಆಟದೊಳಗೆ ಹಾಕಬಾರದು. ಈ ಆಟಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಹಣವಿರುತ್ತದೆ. ಒಂದು, ದುಡಿದರೆ ಸಿಗುವ ನಾಣ್ಯ. ಇನ್ನೊಂದು ರತ್ನವೋ ವಜ್ರವೋ. ಇದು ಅಪರೂಪಕ್ಕೆ ಸಿಗುತ್ತದೆ, ಆದರೆ ರೂಪಾಯಿ ಕೊಟ್ಟರೆ ಯಥೇಚ್ಛವಾಗಿ ದೊರೆಯುತ್ತದೆ. ಆಟ ಪುಕ್ಕಟೆ, ಆದರೆ ಅದನ್ನು ಮಾಡಿದವರಿಗೆ ಸಂಬಳ ಬೇಡವೇ? ಅದಕ್ಕಾಗಿ ಅವರು ಕಾಯುವಿಕೆಯನ್ನು ಮಾರುತ್ತಾರೆ. ಹಂತಗಳು ಮೇಲೇರಿದಂತೆ ಬೆಲೆಗಳು ದಿಢೀರನೆ ಏರುತ್ತವೆ, ಕಾಯುವ ಅವಧಿ ಬೆಳೆಯುತ್ತದೆ, "ಕಾಯಬೇಡ, ರತ್ನ ಕೊಡು" ಎಂಬ ಗುಂಡಿ ಮಿನುಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಮ್ಮ ಹಿರಿಯರು ಈ ಗುಂಡಿಯನ್ನು ನೋಡಿಯೇ ಹೇಳಿದಂತಿದೆ. ರತ್ನವನ್ನು ಅವಸರಕ್ಕೆ ಖರ್ಚುಮಾಡಬಾರದು. ನಾಣ್ಯದಿಂದ ಕೊಳ್ಳಲು ಸಾಧ್ಯವಿಲ್ಲದ ಒಲೆ, ಪಾತ್ರೆಗಳಿಗಾಗಿ ಕೂಡಿಡಬೇಕು. ದಿನನಿತ್ಯ ತೆರೆದು ನೋಡಿದ್ದಕ್ಕೆ ಕೊಡುವ ಉಡುಗೊರೆಯನ್ನು ಪಡೆದು ಮುಚ್ಚಿಡಬೇಕು. ಫೋನು ಮುಚ್ಚಿಟ್ಟಾಗ ಕಾಯುವಿಕೆಗೆ ಒಂದು ಕಾಸೂ ಖರ್ಚಿಲ್ಲ.

ನಮ್ಮ ಬಂಧುಗಳ ಮನೆಯೊಂದರಲ್ಲಿ (ಯಾರೆಂದು ಬೇಡ, ಯಾವ ಆಟವೆಂದೂ ಬೇಡ) ಹುಡುಗನೊಬ್ಬ ತಂದೆಯ ಫೋನಿನಿಂದ ಚೂರುಚೂರಾಗಿ ಹಣ ಹಾಕುತ್ತಾ ಬಂದಿದ್ದ. ಒಮ್ಮೆಗೆ ಎಂಬತ್ತೊಂಬತ್ತು, ನೂರ ಎಪ್ಪತ್ತೊಂಬತ್ತು. ತಿಂಗಳ ಕೊನೆಗೆ ನೋಡಿದರೆ ಆ ತಿಂಗಳ ಹಾಲಿನ ಲೆಕ್ಕಕ್ಕಿಂತ ಅದು ಹೆಚ್ಚಾಗಿತ್ತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾನೂನು, ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಹೋಟೆಲಿನ ಆಟಗಳು ಆ ಬಗೆಯವಲ್ಲ. ಇಲ್ಲಿ ರೂಪಾಯಿ ನಾಣ್ಯವಾಗುತ್ತದೆ, ನಾಣ್ಯ ಎಂದೂ ರೂಪಾಯಿಯಾಗದು. ಆದ್ದರಿಂದ ಕಾನೂನು ಬಂದು ಕಾಯುತ್ತದೆಂದು ಕೂರುವಂತಿಲ್ಲ. ತಂದೆತಾಯಿಗಳೇ ಫೋನಿನ ಹಣ ಪಾವತಿಗೆ ಗುಪ್ತಸಂಖ್ಯೆಯ ಬೀಗ ಹಾಕಬೇಕು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದು ಮೇಷ್ಟ್ರ ಪಾಠವಾಗಿ ಮುಗಿಯುತ್ತಿತ್ತು. ಆದರೆ ನಾನು ಬರೆಯಹೊರಟದ್ದು ಬೇರೆ.

ರಜೆಯ ಕೊನೆಯ ವಾರ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳ ಮದುವೆಯ ಕರೆಯೋಲೆ ಕೊಡಲು ಬಂದಿದ್ದ. ಅವನೂ ಇದನ್ನು ಓದುವನಾದ್ದರಿಂದ ಹೆಸರು ಹೇಳುವುದಿಲ್ಲ. ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ಬೆಂಗಳೂರು ರಸ್ತೆಯಲ್ಲಿ ಅವನದೊಂದು ಹೋಟೆಲಿದೆ. ಹದಿನಾಲ್ಕು ಮಂದಿ ಅಲ್ಲಿ ದುಡಿಯುತ್ತಾರೆ. ಕಾಫಿ ಕುಡಿಯುತ್ತಾ ಕುಳಿತಿದ್ದವನಿಗೆ ಮೊಮ್ಮಗಳು ಉತ್ಸಾಹದಿಂದ ತನ್ನ ಹೋಟೆಲು ತೋರಿಸಿದಳು. ಅವನು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದ. ಒಲೆ ನೋಡಿದ, ಗಿರಾಕಿ ನೋಡಿದ, ತಟ್ಟೆ ಮಾಯವಾಗುವುದನ್ನು ನೋಡಿದ. ಕೊನೆಗೆ ನಗುತ್ತಾ ಹೇಳಿದ:

"ಚೆನ್ನಾಗೈತೆ ಸಾರ್. ಆದ್ರೆ ಇದ್ರಲ್ಲಿ ಲೋಟ ತೊಳೆಯೋರೇ ಇಲ್ವಲ್ಲ?"

ಅವನು ಸಹಜವಾಗಿಯೇ ಆಡಿದ ಮಾತು. ಅದರಲ್ಲಿ ಕುಹಕವಿರಲಿಲ್ಲ. ಆದರೆ ನನ್ನ ಕೈಯ ಲೋಟ ಅಲ್ಲಿಯೇ ನಿಂತಿತು.

1990ರ ದಶಕದ ಮಧ್ಯಭಾಗ. ಹತ್ತನೆಯ ತರಗತಿ. ಬೀಜಗಣಿತದ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಮೂರು ಅಂಕ ಪಡೆದ ಹುಡುಗನೊಬ್ಬನನ್ನು ನಿಲ್ಲಿಸಿ, ಇಡೀ ತರಗತಿಯ ಮುಂದೆ ನಾನು ಹೇಳಿದ್ದೆ: "ನಿನಗೆ ಓದು ಹತ್ತೋದಿಲ್ಲ ಕಣಯ್ಯ. ಬೆಂಗಳೂರಿಗೆ ಹೋಗಿ ಯಾವುದಾದರೂ ಹೋಟೆಲಿನಲ್ಲಿ ಲೋಟ ತೊಳಿ, ಹೋಗು." ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕಿದ್ದೆನೇನೋ. ಆ ಹುಡುಗ ಪರೀಕ್ಷೆಯಲ್ಲಿ ಅನುತ್ತೀರ್ಣನಾದ. ನಾನು ಹೇಳಿದಂತೆಯೇ ಬೆಂಗಳೂರಿಗೆ ಹೋದ. ಲೋಟವನ್ನೇ ತೊಳೆದ.

ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಕಡೆಯಿಂದ ಅಂದು ಬೆಂಗಳೂರಿನ ಹೋಟೆಲುಗಳಿಗೆ ಹೋದ ಹುಡುಗರು ಒಬ್ಬರಿಬ್ಬರಲ್ಲ. ಮಳೆ ಕೈಕೊಟ್ಟು ಕಡಲೆಕಾಯಿ ಕೈಹತ್ತದ ವರ್ಷ ತರಗತಿಯ ಹಿಂದಿನ ಬೆಂಚುಗಳು ಖಾಲಿಯಾಗುತ್ತಿದ್ದವು. ಹಾಜರಿ ಪುಸ್ತಕದಲ್ಲಿ ಕೆಂಪು ಮಸಿಯಿಂದ ಗೀಟು ಎಳೆದು ನಾವು ಮುಂದಿನ ಹೆಸರಿಗೆ ಹೋಗುತ್ತಿದ್ದೆವು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಡಾಬಾಗಳಲ್ಲಿ ದುಡಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಅದು ಬಂದದ್ದು ಒಳ್ಳೆಯದಾಯಿತು. ಓದುವ ಮಗು ಓದಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಆ ದಿನ ಆಡಿದ ಮಾತು ಮಗುವಿನ ಓದಿನ ಬಗೆಗಿನ ಕಾಳಜಿಯಿಂದ ಹುಟ್ಟಿದ್ದಾಗಿರಲಿಲ್ಲ. ಲೋಟ ತೊಳೆಯುವುದು ಕೀಳು, ಅದು ದಡ್ಡರ ಪಾಲು ಎಂಬ ತಾತ್ಸಾರದಿಂದ ಬಂದದ್ದು. ಇಂತಹ ಮಾತನ್ನು ಅಂದು ಆಡದ ಮೇಷ್ಟ್ರು ವಿರಳ ಎಂದು ಸಮಾಧಾನ ಹೇಳಿಕೊಳ್ಳಬಹುದು. ಹತ್ತು ಮಂದಿ ಮಾಡಿದ ತಪ್ಪು ಒಪ್ಪಾಗುವುದಿಲ್ಲ.

ಆ ಸಂಜೆ ಅವನನ್ನು ಕೂರಿಸಿಕೊಂಡು ಆಟದಲ್ಲಿ ಇನ್ನೇನೇನು ಇಲ್ಲವೆಂದು ಕೇಳಿದೆ. ಅವನು ಬೆರಳು ಮಡಿಸಿ ಎಣಿಸಿದ. ಬಾಡಿಗೆ ಇಲ್ಲ. ಗ್ಯಾಸ್ ಸಿಲಿಂಡರು ನಡುರಾತ್ರಿ ಮುಗಿಯುವುದಿಲ್ಲ. ಉದ್ದಿನಬೇಳೆಯ ಬೆಲೆ ವಾರಕ್ಕೊಮ್ಮೆ ಏರುವುದಿಲ್ಲ. ಹಬ್ಬಕ್ಕೆಂದು ಊರಿಗೆ ಹೋದ ಅಡುಗೆಯವನು ಬಾರದೆ ಇರುವುದಿಲ್ಲ. 'ಇಂದು ನಗದು ನಾಳೆ ಉದ್ದರಿ' ಎಂದು ಬೋರ್ಡು ಬರೆಸಿದ್ದರೂ, ಅದರ ಕೆಳಗೇ ನಿಂತು ಉದ್ದರಿ ಕೇಳುವ ಪರಿಚಯದವರಿಲ್ಲ. "ಆಮೇಲೆ ಸಾರ್, ಕಾಲು ನೋಯೋದಿಲ್ಲ" ಎಂದ. ಹದಿನೈದನೆಯ ವಯಸ್ಸಿನಿಂದ ದಿನಕ್ಕೆ ಹದಿನಾಲ್ಕು ಗಂಟೆ ನಿಂತ ಕಾಲು ಅವನದು.

ಆಗ ನನಗೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಕಥೆ ನೆನಪಾಯಿತು. 1924ರಲ್ಲಿ ಪರಮೇಶ್ವರ ಮಯ್ಯರು ಸಹೋದರರೊಡನೆ ಆರಂಭಿಸಿದ ಹೋಟೆಲು ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ರವೆ ಇಡ್ಲಿಗೆ ಹೆಸರಾದದ್ದೂ ಅದೇ ಹೋಟೆಲು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲಿನ ತಿಂಡಿಗಳಿಗೆ ತೀರ ಕಡಿಮೆ ಬೆಲೆಯನ್ನು ನಿಗದಿಮಾಡಿತು. ಗುಣಮಟ್ಟವನ್ನು ಇಳಿಸಲೊಪ್ಪದ ಹೋಟೆಲಿನವರು ದಿನದಿನದ ನಷ್ಟವೆಷ್ಟೆಂದು ಹೊರಗಡೆ ಫಲಕದಲ್ಲಿ ಬರೆದು ಹಾಕಿದರು. ಕೊನೆಗೆ ಹೋಟೆಲನ್ನು ಮುಚ್ಚಬೇಕಾಯಿತು. ಆದರೆ ಕೆಲಸದವರನ್ನು ಬೀದಿಪಾಲು ಮಾಡದೆ, ಮಸಾಲೆ ಪುಡಿ, ಸಿದ್ಧ ಹಿಟ್ಟುಗಳ ಅಂಗಡಿ ತೆರೆದರು. ಕೆಲವು ವರ್ಷಗಳ ನಂತರ ಹೋಟೆಲು ಮತ್ತೆ ಬಾಗಿಲು ತೆರೆಯಿತು. ಸಂಕಟದಲ್ಲಿ ಹುಟ್ಟಿದ ಆ ಪೊಟ್ಟಣಗಳ ವ್ಯಾಪಾರವೂ ದೊಡ್ಡದಾಗಿ ಬೆಳೆಯಿತು. ನನ್ನ ಐದು ಸೂತ್ರಗಳಲ್ಲಿ ಇದಕ್ಕೆ ಜಾಗವಿಲ್ಲ. ನಷ್ಟವೆಂದು ತಿಳಿದೂ ತುಪ್ಪವನ್ನು ಕಡಿಮೆ ಮಾಡದಿರುವುದು ಯಾವ ಆಟದಲ್ಲಿಯೂ ನಾಣ್ಯ ತರುವುದಿಲ್ಲ. ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದ ಕಡಂದಲೆ ಕೃಷ್ಣರಾಯರು ಸಹ ಹೋಟೆಲಿನ ಅಡುಗೆಮನೆಯಲ್ಲಿ ಸಣ್ಣಪುಟ್ಟ ಕೆಲಸಮಾಡುತ್ತಾ ಬೆಳೆದವರು. ಅವರ ಮೇಷ್ಟ್ರು ಯಾರಾದರೂ ಅವರಿಗೆ ನನ್ನಂತಹ ಮಾತು ಆಡಿದ್ದರೋ ಏನೋ!

ಹೊರಡುವ ಮುನ್ನ ಅವನನ್ನು ಬಾಗಿಲ ಬಳಿ ತಡೆದು, ಆ ದಿನದ ಮಾತನ್ನು ನೆನಪಿಸಿ, "ತಪ್ಪಾಯಿತಪ್ಪ, ಮನಸ್ಸಿನಲ್ಲಿಟ್ಟುಕೊಳ್ಳಬೇಡ" ಎಂದೆ. ಅವನಿಗೆ ನೆನಪಿಲ್ಲವೆಂದು ಹೇಳಿಯಾನು ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವನು ಹಾಗೆ ಹೇಳಲಿಲ್ಲ. ತಲೆ ತಗ್ಗಿಸಿ, "ಜ್ಞಾಪಕ ಐತೆ ಸಾರ್. ಅವತ್ತು ಬೇಜಾರಾಗಿತ್ತು. ಆಮೇಲೆ ಮೊದಲ ಸಂಬಳ ಬಂದಾಗ ಬೇಜಾರು ಹೋಯ್ತು" ಎಂದ. ಸ್ವಲ್ಪ ತಡೆದು, "ನಮ್ಮ ಹೋಟ್ಲಲ್ಲಿ ಲೋಟ ತೊಳೆಯೋ ಹುಡುಗರಿಗೆ ಬೈಯೋಕೆ ಯಾರನ್ನೂ ಬಿಡಲ್ಲ ಸಾರ್, ನಾನೂ ಬೈಯಲ್ಲ" ಎಂದು ಸೇರಿಸಿದ. ನನ್ನ ತರಗತಿಯಲ್ಲಿ ಅವನು ಪಡೆದ ಮೂರು ಅಂಕಕ್ಕೆ ಎಷ್ಟು ಸೊನ್ನೆ ಸೇರಿಸಿದರೆ ಆ ಮಾತಿಗೆ ಸಮವಾದೀತೋ ನಾನರಿಯೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮಕ್ಕಳು ಹೋಟೆಲಿನ ಆಟ ಆಡುವುದರಿಂದ ಕೆಟ್ಟುಹೋಗುತ್ತಾರೆಂದು ನಾನು ನಂಬುವುದಿಲ್ಲ. ದಿನಕ್ಕೆ ಅರ್ಧ ಗಂಟೆಯ ಮಿತಿ ಇರಲಿ, ಹಣ ಹಾಕುವ ದಾರಿಗೆ ಬೀಗವಿರಲಿ, ಪಕ್ಕದಲ್ಲಿ ಒಂದು ನೋಟ್‌ಬುಕ್ಕಿರಲಿ. ಸರಾಸರಿ, ಅನುಪಾತ, ಲಾಭನಷ್ಟಗಳನ್ನು ಕಲಿಸಲು ಇದಕ್ಕಿಂತ ಸುಲಭವಾದ ಸಾಧನ ನನ್ನ ಸೇವಾವಧಿಯಲ್ಲಿ ನನಗೆ ದೊರೆತಿರಲಿಲ್ಲ. ಆದರೆ ಆಟ ಮುಗಿದ ಮೇಲೆ ಅವರನ್ನು ಒಂದು ನಿಜವಾದ ಹೋಟೆಲಿಗೆ ಕರೆದೊಯ್ಯಿರಿ. ಗಲ್ಲಾಪೆಟ್ಟಿಗೆಯ ಬಳಿ ಮಾತ್ರವಲ್ಲ, ಸಾಧ್ಯವಾದರೆ ಹಿಂದಿನ ಬಾಗಿಲಿನಿಂದ ಅಡುಗೆಮನೆಯನ್ನೂ ತೋರಿಸಿ. ಹೊಗೆ, ಬೆವರು, ರಾಶಿಬಿದ್ದ ತಟ್ಟೆ ನೋಡಲಿ. ಪರದೆಯ ಮೇಲೆ ಮಾಯವಾಗುವ ತಟ್ಟೆಯನ್ನು ಇಲ್ಲಿ ಒಬ್ಬ ಮನುಷ್ಯ ತೊಳೆಯುತ್ತಾನೆಂದು ಅವರಿಗೆ ತಿಳಿಯಲಿ. ಗಿರಾಕಿಯ ತಲೆಯ ಪಕ್ಕದ ಸಹನೆಯ ಪಟ್ಟಿಯನ್ನು ನೋಡಿ ಬೆಳೆದ ಮಗು, ತಾನೇ ಗಿರಾಕಿಯಾಗಿ ಕುಳಿತಾಗ ತನ್ನ ಪಟ್ಟಿಯನ್ನು ಸ್ವಲ್ಪ ಉದ್ದವಾಗಿಟ್ಟುಕೊಳ್ಳುವುದನ್ನು ಕಲಿತರೆ ಆಟ ಸಾರ್ಥಕ.

ನಿಮ್ಮಲ್ಲಿ ಮೇಷ್ಟ್ರಾಗಿರುವವರಿಗೆ ಒಂದು ವಿಶೇಷ ವಿನಂತಿ. ಇಂದಿನ ತರಗತಿಯಲ್ಲಿಯೂ ಮೂರು ಅಂಕದ ಹುಡುಗ ಇರುತ್ತಾನೆ. ಅವನಿಗೆ ಇನ್ನೊಮ್ಮೆ ಕಲಿಸಿ, ಹತ್ತು ಸಲ ಕಲಿಸಿ, ಗದರಬೇಕಾದರೆ ಗದರಿ. ಆದರೆ ಯಾರದೋ ಅನ್ನದ ಕೆಲಸವನ್ನು ಅವನಿಗೆ ಶಿಕ್ಷೆಯೆಂಬಂತೆ ಹೇಳಬೇಡಿ. ಆ ತರಗತಿಯಲ್ಲಿಯೇ ಹೋಟೆಲಿನಲ್ಲಿ ದುಡಿಯುವವರ ಮಗುವೊಂದು ಕುಳಿತು ಕೇಳುತ್ತಿರಬಹುದು.

ಮೊಮ್ಮಗಳು ಬೆಂಗಳೂರಿಗೆ ಹಿಂತಿರುಗಿದ್ದಾಳೆ. ನನ್ನ ಹೋಟೆಲು ಇನ್ನೂ ನಡೆಯುತ್ತಿದೆ. ಒಂದು ರೂಪಾಯಿಯನ್ನೂ ಹಾಕದೆ ಹದಿನೆಂಟನೆಯ ಹಂತದಲ್ಲಿದ್ದೇನೆ, ಅವಳು ಮೂವತ್ತು ದಾಟಿದ್ದಾಳಂತೆ. ಮೊನ್ನೆ ಆ ಹುಡುಗನ ಮಗಳ ಮದುವೆಗೆ ಹೋಗಿದ್ದೆವು. ಊಟ ಮುಗಿಸಿ ಕೈತೊಳೆಯಲು ಹಿತ್ತಲ ಕಡೆ ಹೋದಾಗ, ವಧುವಿನ ತಂದೆಯೇ ಪಂಚೆ ಎತ್ತಿಕಟ್ಟಿ ಕೆಲಸದವರೊಡನೆ ನಿಂತು ಲೋಟಗಳನ್ನು ತೊಳೆಯುತ್ತಿದ್ದ. ನನ್ನನ್ನು ಕಂಡು, "ಇನ್ನೊಂದು ಪಂಕ್ತಿಗೆ ಲೋಟ ಸಾಲ್ದು ಸಾರ್" ಎಂದ. ಎಲ್ಲಿ ಕೆಲಸ ಕಟ್ಟಿಕೊಂಡಿದೆಯೋ ಅಲ್ಲಿಗೆ ಅವನ ಕೈ ಮೊದಲು ಹೋಗಿತ್ತು. ನನ್ನ ಮೊದಲನೆಯ ಸೂತ್ರವನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ.

ಎಲ್ಲರಿಗೂ ಒಳ್ಳೆಯದಾಗಲಿ. ತೋವಿನಕೆರೆಯ ಕಡೆ ಬಂದಾಗ ಮನೆಗೆ ಬನ್ನಿ. ಕಾಫಿ ಕೊಡುತ್ತೇನೆ. ಲೋಟವನ್ನು ನಾನೇ ತೊಳೆಯುತ್ತೇನೆ.

ಇತಿ,
ನಿಮ್ಮ ಮೇಷ್ಟ್ರು